ಮುರುಗಲು: ಸಿಪ್ಪೆಗೆ ಒಂದು ಪಾಠ, ಬೀಜಕ್ಕೆ ಇನ್ನೊಂದು

ಗಿಡಮೂಲಿಕೆಗಳನ್ನು ಓದಲು ತೊಡಗಿದ ಹೊಸತರಲ್ಲಿ ನನ್ನ ಪುಸ್ತಕದಲ್ಲಿ ‘ಮುರುಗಲು: ಪಿತ್ತಕ್ಕೆ’ ಎಂಬ ಒಂದೇ ಸಾಲಿತ್ತು. ಆ ಸಾಲು ತಪ್ಪಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಮರದ ಯಾವ ಭಾಗ, ಅದನ್ನು ಹೇಗೆ ಹದಮಾಡಿದ್ದು, ಕುಡಿಯುವುದೋ ಹಚ್ಚುವುದೋ ಎಂಬುದನ್ನು ಬರೆಯದೆ ಗಿಡದ ಹೆಸರಿನ ಮುಂದೆ ಕಾಯಿಲೆಯ ಹೆಸರು ಬರೆದರೆ ಓದಿದಂತಾಗದು. ಇದನ್ನು ಕಲಿಯಲು ಮುರುಗಲಿನಷ್ಟು ಒಳ್ಳೆಯ ಮರ ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ.

ಸಸ್ಯಶಾಸ್ತ್ರದ ಹೆಸರು ಗಾರ್ಸಿನಿಯಾ ಇಂಡಿಕಾ. ಉತ್ತರ ಕನ್ನಡ, ಶಿವಮೊಗ್ಗದ ಕಡೆ ಮುರುಗಲು, ತುಳುನಾಡಿನಲ್ಲಿ ಪುನರ್ಪುಳಿ, ಕೊಂಕಣಿಗರಲ್ಲಿ ಭಿರಂಡ, ಅಂಗಡಿಯಲ್ಲಿ ಕೋಕಂ. ಪಶ್ಚಿಮ ಘಟ್ಟದ ಕಾಡುಮರ. ರೆಂಬೆಗಳು ಕೆಳಗೆ ಬಾಗಿ ಇಡೀ ಮರ ಗೋಪುರದಂತೆ ಕಾಣುತ್ತದೆ, ಚಿಗುರು ಕೆಂಪು. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಕಡುಗೆಂಪಾಗುತ್ತದೆ. ಬಿಡಿಸಿದರೆ ಬಿಳಿ ತಿರುಳು ಅಂಟಿದ ಐದಾರು ಬೀಜಗಳಿರುತ್ತವೆ. ಹಸಿಯಾಗಿ ತಿಂದವರ ಹಲ್ಲಿಗೆ ಹಳದಿ ಅಂಟು ಮೆತ್ತಿಕೊಳ್ಳುತ್ತದೆ.

ಮೊದಲು ಸಿಪ್ಪೆ. ಬಿಸಿಲಿಗೆ ಒಣಗಿಸಿಟ್ಟ ಸಿಪ್ಪೆಯೇ ವರ್ಷವಿಡೀ ಸಾರಿಗೆ, ಮೀನಿನ ಪದಾರ್ಥಕ್ಕೆ ಹುಳಿ. ಬೆಲ್ಲ, ಹಸಿಮೆಣಸು ಹಾಕಿ ಕುದಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಪುನರ್ಪುಳಿ ಸಾರನ್ನು ಅಜೀರ್ಣವಾದವರಿಗೆ ಬಡಿಸುವುದು ಕರಾವಳಿಯ ರೂಢಿ. ಮೈಮೇಲೆ ಪಿತ್ತದ ಗಂಧೆ ಎದ್ದರೆ ಸಿಪ್ಪೆ ನೆನೆಸಿದ ನೀರನ್ನು ಕುಡಿಸುತ್ತಾರೆ, ಅದನ್ನೇ ದದ್ದಿಗೂ ಹಚ್ಚುತ್ತಾರೆ. ತುಟಿ, ಗಂಟಲು ಊದಿಕೊಂಡು ಉಸಿರು ಕಟ್ಟುವಂತಿದ್ದರೆ ಮಾತ್ರ ಅದು ಮನೆಮದ್ದಿನ ವಿಷಯವಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇಲ್ಲೊಂದು ಗಂಟು ಇದೆ. ಆಯುರ್ವೇದದ ಸಾಮಾನ್ಯ ನಿಯಮದಂತೆ ಹುಳಿ ಪಿತ್ತವನ್ನು ಕೆರಳಿಸಬೇಕು. ಜನರ ಅನುಭವ ಮಾತ್ರ ಇದನ್ನು ತಂಪು ಎನ್ನುತ್ತದೆ. ಎರಡನ್ನೂ ಬರೆದುಕೊಳ್ಳಿ, ಒಂದನ್ನು ಅಳಿಸಿ ಇನ್ನೊಂದಕ್ಕೆ ಹೊಂದಿಸಬೇಡಿ. ಮುರುಗಲನ್ನು ಸಂಸ್ಕೃತದ ವೃಕ್ಷಾಮ್ಲದೊಂದಿಗೆ ಗುರುತಿಸುತ್ತಾರೆ. ಚರಕಸಂಹಿತೆಯ ‘ಹೃದ್ಯ’ ಗಣದ ಹತ್ತು ದ್ರವ್ಯಗಳಲ್ಲಿ ವೃಕ್ಷಾಮ್ಲವೂ ಸೇರಿದೆ. ಜೊತೆಗಿರುವವು ಮಾವು, ದಾಳಿಂಬೆ, ಮಾದಲದಂಥ ಹಣ್ಣುಗಳು. ಆ ಪಟ್ಟಿಯನ್ನು ನೋಡಿದರೆ ‘ಹೃದ್ಯ’ ಎಂದರೆ ಹೃದ್ರೋಗದ ಔಷಧ ಎನ್ನುವುದಕ್ಕಿಂತ ಮನಸ್ಸಿಗೆ ಹಿತವಾದದ್ದು, ಬಾಯಿಗೆ ರುಚಿಸುವಂಥದ್ದು ಎಂಬ ಅರ್ಥವೇ ಹೆಚ್ಚು ಸರಿ ಎಂದು ನನಗೆ ತೋರುತ್ತದೆ.

ಸಿಪ್ಪೆಯ ಬಣ್ಣ ಆಂಥೋಸಯಾನಿನ್ ಎಂಬ ವರ್ಣದ್ರವ್ಯದ್ದು. ಮುರುಗಲು ಪಾನಕ ಕುಡಿದ ಲೋಟಕ್ಕೆ ಸೋಪಿನ ನೀರು ಬಿದ್ದಾಗ ತಳದ ಕೆಂಪು ನೀಲಿ ಮಿಶ್ರಿತ ಕಪ್ಪಿಗೆ ತಿರುಗುವುದನ್ನು ನೋಡಿ. ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ ಎಂಬ ಪಾಠ ಅಷ್ಟರಲ್ಲೇ ಮುಗಿಯುತ್ತದೆ. ಈ ರಸವನ್ನು ಗಾಜಿನಲ್ಲಿಯೋ ಭರಣಿಯಲ್ಲಿಯೋ ಇಡುವುದಕ್ಕೂ ಕಾರಣ ಅದರ ಆಮ್ಲವೇ.

ಈಗ ಬೀಜ. ಇಲ್ಲಿ ಹುಳಿಯ ಮಾತೇ ಇಲ್ಲ, ಎಲ್ಲವೂ ಜಿಡ್ಡು. ಬೀಜವನ್ನು ತೊಳೆದು ಚೆನ್ನಾಗಿ ಒಣಗಿಸಿ, ಹೊರಸಿಪ್ಪೆ ತೆಗೆದು, ಒಳಗಿನ ಬೇಳೆಯನ್ನು ಕುಟ್ಟಿ ನೀರಿನಲ್ಲಿ ಕುದಿಸುತ್ತಾರೆ. ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ಸೌಟಿನಿಂದ ತೆಗೆದು ಆರಲು ಬಿಟ್ಟರೆ ಬೆಣ್ಣೆಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಕೈಯಲ್ಲಿ ಅದುಮಿ ಮೊಟ್ಟೆಯಾಕಾರದ ಉಂಡೆ ಕಟ್ಟಿಡುತ್ತಾರೆ. ಇದೇ ಮುರುಗಲು ತುಪ್ಪ. ಒಡೆದ ಹಿಮ್ಮಡಿಗೆ, ಚಳಿಗೆ ಬಿರಿದ ತುಟಿಗೆ ಇದನ್ನು ಬಿಸಿಮಾಡಿ ಹಚ್ಚುತ್ತಾರೆ. ಇದರಲ್ಲಿ ಸ್ಟಿಯರಿಕ್ ಎಂಬ ಕೊಬ್ಬಿನ ಆಮ್ಲ ಹೆಚ್ಚು, ನಂತರ ಓಲಿಯಿಕ್. ಸುಮಾರು 40 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದೆ ಇರುವುದರಿಂದಲೇ ಹಿಮ್ಮಡಿಯ ಬಿರುಕಿನಲ್ಲಿ ತುಂಬಿದ್ದು ಹರಿದುಹೋಗದೆ ನಿಲ್ಲುತ್ತದೆ, ಚರ್ಮದ ತೇವವನ್ನು ಹಿಡಿದಿಡುತ್ತದೆ. ಮೈಯ ಬಿಸಿಗೆ ಸುಲಭವಾಗಿ ಕರಗುವ ಜಿಡ್ಡು ಇಷ್ಟು ಹೊತ್ತು ಅಲ್ಲಿ ನಿಲ್ಲುತ್ತಿರಲಿಲ್ಲ. ಸಾಬೂನು, ಮುಲಾಮು ತಯಾರಿಸುವವರೂ ಇದನ್ನು ಕೊಳ್ಳುತ್ತಾರೆ.

ಉಪ್ಪಾಗೆಯನ್ನು ಇದರೊಂದಿಗೆ ಬೆರೆಸಬೇಡಿ. ಅದು ಇದೇ ಕುಲದ ಗಾರ್ಸಿನಿಯಾ ಗಮ್ಮಿಗುಟ್ಟಾ, ಹಣ್ಣಿಗೆ ಕುಂಬಳದಂತೆ ಏಣುಗಳಿರುತ್ತವೆ. ಎರಡರ ಸಿಪ್ಪೆಯಲ್ಲಿಯೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ತೂಕ ಇಳಿಸಲೆಂದು ಈ ಆಮ್ಲವಿರುವ ಗಾರ್ಸಿನಿಯಾ ಸಾರದ ಮಾತ್ರೆ ನುಂಗಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಊಟದ ಸಾರಿನಲ್ಲಿರುವ ನಾಲ್ಕು ಸಿಪ್ಪೆಗೂ ಸಾರವನ್ನು ಸಾಂದ್ರಗೊಳಿಸಿದ ಮಾತ್ರೆಗೂ ಹೋಲಿಕೆಯಿಲ್ಲ. ‘ನಮ್ಮಜ್ಜಿಯೂ ಬಳಸುತ್ತಿದ್ದರು’ ಎಂಬ ಮಾತು ಮಾತ್ರೆಗೆ ಸಾಕ್ಷಿಯಾಗದು. ಮಧುಮೇಹ ಇದ್ದವರು ಮುರುಗಲು ಸಿರಪ್ಪಿನಲ್ಲಿ ಸಕ್ಕರೆಯೇ ಹೆಚ್ಚು ಎಂಬುದನ್ನೂ ನೆನಪಿಡಬೇಕು.

ಮರ ನೋಡಲು ಹೋಗುವವರು ಹಣ್ಣಿನ ಕಾಲಕ್ಕೆ ಕಾಯದೆ ಚಳಿಗಾಲದಲ್ಲಿ, ಹೂವಿರುವಾಗಲೇ ಒಮ್ಮೆ ಹೋಗಿ. ಮುರುಗಲಿನಲ್ಲಿ ಗಂಡುಮರ, ಹೆಣ್ಣುಮರ ಬೇರೆ ಬೇರೆ. ಬೀಜದ ಸಸಿ ಯಾವುದೆಂದು ತಿಳಿಯಲು ಏಳೆಂಟು ವರ್ಷ ಬೇಕು, ಅದಕ್ಕೇ ತೋಟಕ್ಕೆ ಕಸಿ ಗಿಡ ತರುತ್ತಾರೆ. ಹಣ್ಣು ಬಿಡದ ಮರವನ್ನು ಗೊಡ್ಡೆಂದು ಕಡಿದುಹಾಕುವವರನ್ನು ಕಂಡರೆ ಸಂಕಟವಾಗುತ್ತದೆ. ಗೊಂಚಲು ಗೊಂಚಲಾಗಿ ಹೂ ಬಿಟ್ಟು ಒಂದು ಕಾಯಿಯನ್ನೂ ಕಟ್ಟದ ಆ ಗಂಡುಮರದ ಪರಾಗವೇ ಅಕ್ಕಪಕ್ಕದ ಹೆಣ್ಣುಮರಗಳಿಗೆ ಹೋಗುತ್ತಿರುತ್ತದೆ.