ರಿಬ್ರೀದರ್ ಕಲಿಯುವವರಿಗೆ: ನೀರಿನಲ್ಲಿ ತೇಲುವಿಕೆಯ ಲೆಕ್ಕ

ಮಾಮೂಲಿ ಸ್ಕೂಬಾದಲ್ಲಿ ಉಸಿರೆಳೆದರೆ ಮೇಲೇಳುತ್ತೇವೆ, ಬಿಟ್ಟರೆ ಇಳಿಯುತ್ತೇವೆ. ಬಿಟ್ಟ ಉಸಿರನ್ನೇ ಶುದ್ಧಮಾಡಿ, ಆಮ್ಲಜನಕ ಸೇರಿಸಿ ಮತ್ತೆ ಉಸಿರಾಡಲು ಕೊಡುವ ರಿಬ್ರೀದರ್‌ನಲ್ಲಿ ಈ ಆಟ ನಡೆಯುವುದಿಲ್ಲ. ಬಿಟ್ಟ ಉಸಿರು ಕೌಂಟರ್‌ಲಂಗ್ ಎಂಬ ಚೀಲ ಸೇರುತ್ತದೆ, ಎಳೆದರೆ ಅಲ್ಲಿಂದಲೇ ವಾಪಸ್ಸು ಬರುತ್ತದೆ. ಒಟ್ಟು ಗಾತ್ರ ಬದಲಾಗುವುದಿಲ್ಲ. ಹಾಗಾಗಿ ಸ್ಕೂಬಾದಲ್ಲಿ ಪಳಗಿದವರೇ ಇಲ್ಲಿ ಹೆಚ್ಚು ಒದ್ದಾಡುತ್ತಾರೆ. ಎದುರಿಗೆ ಬಂಡೆ ಬಂದರೆ ದೀರ್ಘವಾಗಿ ಉಸಿರೆಳೆದು ಕಾಯುತ್ತಾರೆ, ಮೈ ಮೇಲೇಳುವುದೇ ಇಲ್ಲ. ಬಂಡೆಯನ್ನು ದೂರದಿಂದಲೇ ನೋಡಿಕೊಂಡು ಫಿನ್ ಹೊಡೆದು ಬಳಸಿ ಹೋಗಬೇಕು, ಇಲ್ಲವೇ ವಿಂಗ್‌ಗೆ (ಬೆನ್ನಿಗಿರುವ ತೇಲುಚೀಲಕ್ಕೆ) ತುಸು ಗಾಳಿ ಕೊಡಬೇಕು.

ಮೊದಲು ಸಾಧಿಸಬೇಕಾದದ್ದು ಲೂಪ್‌ನ, ಅಂದರೆ ಉಸಿರು ಸುತ್ತುವ ಕೊಳವೆ-ಚೀಲಗಳ ಮುಚ್ಚಿದ ದಾರಿಯ, ಕನಿಷ್ಠ ಗಾತ್ರ. ಪೂರ್ತಿ ಉಸಿರೆಳೆದಾಗ ಕೌಂಟರ್‌ಲಂಗ್ ಬಹುತೇಕ ಖಾಲಿಯಾಗಬೇಕು, ಆದರೆ ಡೈಲ್ಯೂಯೆಂಟ್ (ಆಮ್ಲಜನಕದ ಜೊತೆ ಬೆರೆಸುವ ಗಾಳಿ) ತಾನಾಗಿ ಬಿಡುವ ವಾಲ್ವ್ ತೆರೆಯಬಾರದು. ಪ್ರತಿ ಉಸಿರಿಗೂ ಆ ವಾಲ್ವ್ ಸುಯ್ ಎಂದರೆ ಲೂಪ್‌ನಲ್ಲಿ ಗಾಳಿ ಸಾಲದು. ಕೆನ್ನೆ ಉಬ್ಬಿ ಉಸಿರು ಬಿಡಲು ಕಷ್ಟವಾದರೆ ಗಾಳಿ ಹೆಚ್ಚಾಗಿದೆ. ಮೂಗಿನಿಂದ ಮಾಸ್ಕ್ ಮೂಲಕ ಸ್ವಲ್ಪ ಹೊರಹಾಕಿ. ಒಂದು ಲೀಟರ್ ಹೆಚ್ಚಿದ್ದರೂ ಸುಮಾರು ಒಂದು ಕಿಲೋದಷ್ಟು ಮೇಲಕ್ಕೆತ್ತುತ್ತದೆ. ಲೂಪ್ ಹದಕ್ಕೆ ಬಂದ ಮೇಲಷ್ಟೇ ವಿಂಗ್ ಮುಟ್ಟಿ. ಎರಡನ್ನೂ ಒಟ್ಟಿಗೆ ತಿದ್ದಲು ಹೋದರೆ ತಪ್ಪು ಯಾವುದರಲ್ಲಿದೆ ಎಂದೇ ತಿಳಿಯುವುದಿಲ್ಲ.

ಕಲಬುರಗಿಯ ಈಜುಕೊಳದಲ್ಲಿ ಅಭ್ಯಾಸ ಮಾಡುವಾಗ ಸೆಟ್‌ಪಾಯಿಂಟ್ (ಯಂತ್ರ ಕಾಯ್ದುಕೊಳ್ಳಬೇಕಾದ ಆಮ್ಲಜನಕದ ಆಂಶಿಕ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ಆಮ್ಲಜನಕದ ಪಾಲು) 0.7 ಬಾರ್ ಇರಲಿ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಹೆಚ್ಚುಕಡಿಮೆ 0.96 ಬಾರ್. 2 ಮೀಟರ್ ಆಳದಲ್ಲಿ ಒಟ್ಟು ಒತ್ತಡ 1.16ರ ಆಸುಪಾಸು. ಅಲ್ಲಿ ಸೆಟ್‌ಪಾಯಿಂಟ್ 1.3 ಇಟ್ಟರೆ ಲೂಪ್ ತುಂಬ ಬರೀ ಆಮ್ಲಜನಕ ಇದ್ದರೂ ಆ ಮಟ್ಟ ಮುಟ್ಟುವುದಿಲ್ಲ. ಸೊಲೆನಾಯ್ಡ್ ಎಂಬ ವಿದ್ಯುತ್ ವಾಲ್ವ್ ಆಮ್ಲಜನಕ ಬಿಡುತ್ತಲೇ ಇರುತ್ತದೆ, ನೀವು ಮೇಲೇಳುತ್ತಲೇ ಇರುತ್ತೀರಿ.

ಏರುವಾಗಲೂ ಇದೇ ತೊಂದರೆ. ಸಮುದ್ರದಲ್ಲಿ 10 ಮೀಟರ್‌ನಿಂದ 5 ಮೀಟರ್‌ಗೆ ಬಂದರೆ ಲೂಪ್‌ನ 6 ಲೀಟರ್ 8 ಲೀಟರ್ ಆಗುತ್ತದೆ. ಜೊತೆಗೆ ಆಮ್ಲಜನಕದ ಆಂಶಿಕ ಒತ್ತಡ ಇಳಿಯುವುದರಿಂದ ಸೊಲೆನಾಯ್ಡ್ ಇನ್ನಷ್ಟು ಸೇರಿಸುತ್ತದೆ. ಆದ್ದರಿಂದ ಮೊದಲು ಲೂಪ್‌ನಿಂದ ಬಿಡಿ, ಆಮೇಲೆ ವಿಂಗ್‌ನಿಂದ. ಆಮ್ಲಜನಕದ ಮಟ್ಟ ತೋರಿಸುವ ಹ್ಯಾಂಡ್‌ಸೆಟ್ ಮೇಲಿಂದ ಕಣ್ಣು ತೆಗೆಯಬೇಡಿ.

ಇನ್ನು ತೂಕ. 12 ಲೀಟರಿನ ಸ್ಕೂಬಾ ಸಿಲಿಂಡರ್ 150 ಬಾರ್ ಖರ್ಚಾದರೆ 2 ಕಿಲೋಗಿಂತ ಹೆಚ್ಚು ಹಗುರಾಗುತ್ತದೆ. ರಿಬ್ರೀದರ್‌ನಲ್ಲಿ ನಿಮಿಷಕ್ಕೆ ಒಂದು ಲೀಟರ್ ಆಮ್ಲಜನಕ ಬಳಸಿದರೂ ಗಂಟೆಗೆ ಕರಗುವುದು ಸುಮಾರು 80 ಗ್ರಾಂ. ಹಾಗೆಂದು ತೂಕಕ್ಕೆ ಕಟ್ಟುವ ಸೀಸ ಕಡಿಮೆ ಮಾಡಬೇಡಿ: ಬೇಲ್‌ಔಟ್ ಸಿಲಿಂಡರ್ (ರಿಬ್ರೀದರ್ ಕೈಕೊಟ್ಟಾಗ ಬಳಸುವ ತುರ್ತು ಸಿಲಿಂಡರ್) ಉಸಿರಾಡಿ ಖಾಲಿ ಮಾಡಿದ ಮೇಲೂ 5 ಮೀಟರ್‌ನಲ್ಲಿ ನಿಲ್ಲುವಷ್ಟು ತೂಕ ಬೇಕು. ಈಜುಕೊಳದಲ್ಲಿ ಅಳೆದುಕೊಂಡ ತೂಕ ನೇತ್ರಾಣಿ ದ್ವೀಪದ ಉಪ್ಪುನೀರಿಗೆ ಸಾಲದು. ಸಲಕರಣೆ ಸೇರಿ 110 ಕಿಲೋ ಇದ್ದವರಿಗೆ ಇನ್ನೂ ಎರಡೂವರೆಯಿಂದ ಮೂರು ಕಿಲೋ ಬೇಕಾಗುತ್ತದೆ.

ಬೇಲ್‌ಔಟ್‌ಗೆ ಹೋಗುವಾಗ ಮೌತ್‌ಪೀಸ್ ಮುಚ್ಚಿಯೇ ಬಾಯಿಂದ ತೆಗೆಯಿರಿ. ಮುಚ್ಚದಿದ್ದರೆ ಲೂಪ್‌ಗೆ ನೀರು ನುಗ್ಗಿ ಅದರ ಎತ್ತುವ ಬಲ ಒಮ್ಮೆಲೇ ಹೋಗುತ್ತದೆ. ಮುಚ್ಚಿದ ಮೇಲೂ ಒಳಗಿನ ಗಾಳಿ ಏರುವಾಗ ಹಿಗ್ಗುತ್ತದೆ. ಕೌಂಟರ್‌ಲಂಗ್‌ನ ಹೆಚ್ಚುವರಿ ಒತ್ತಡದ ವಾಲ್ವನ್ನು ಪೂರ್ತಿ ಸಡಿಲಿಸಿಟ್ಟು ಏರಬೇಕು.