ಪೂರ್ವಪಕ್ಷದ ನಾಡು: ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಧರ್ಮವನ್ನು ಪ್ರಶ್ನಿಸಿದವರ ಹಿನ್ನೆಲೆ

ಕೊಪ್ಪಳದ ಗವಿಮಠದ ಗುಡ್ಡವನ್ನು ಹತ್ತಿದರೆ, ಕೊಡೆಯಂತೆ ಚಾಚಿಕೊಂಡ ಬಂಡೆಯೊಂದರ ನೆರಳಿನಲ್ಲಿ ಅಶೋಕನ ಕಾಲದ ಬ್ರಾಹ್ಮಿ ಅಕ್ಷರಗಳು ಕಾಣುತ್ತವೆ. ಅದೇ ಊರಿನ ಇನ್ನೊಂದು ಗುಡ್ಡದಲ್ಲಿ, ಜನರು ಪಾಲ್ಕಿಗುಂಡು ಎಂದು ಕರೆಯುವ ಬಂಡೆಯಲ್ಲಿ, ಆ ಶಾಸನದ ಮತ್ತೊಂದು ಪ್ರತಿಯಿದೆ. ಅದರ ಸಮೀಪದಲ್ಲೇ ಜೈನ ಆಚಾರ್ಯರೊಬ್ಬರ ಪಾದಗಳನ್ನು ಕಲ್ಲಿನಲ್ಲಿ ಕೊರೆಯಲಾಗಿದೆ. ಕೆಳಗಿರುವ ಗವಿಸಿದ್ಧೇಶ್ವರ ಮಠದ ಜಾತ್ರೆಗೆ ಪ್ರತಿ ವರ್ಷ ಲಕ್ಷಾಂತರ ಜನ ಸೇರುತ್ತಾರೆ. ಬೌದ್ಧ, ಜೈನ, ವೀರಶೈವ ಎಂಬ ಮೂರು ಮಾರ್ಗಗಳ ಗುರುತುಗಳು ಒಂದೇ ಊರಿನ ಕಲ್ಲುಗುಡ್ಡಗಳಲ್ಲಿ ಉಳಿದುಕೊಂಡಿರುವುದನ್ನು ನೋಡಿದವರು ಸಾಮಾನ್ಯವಾಗಿ ಅದನ್ನು ಸಾಮರಸ್ಯದ ಚಿತ್ರವೆಂದು ಹೊಗಳಿ ಇಳಿದು ಬರುತ್ತಾರೆ. ಆದರೆ ಈ ಮಾರ್ಗಗಳು ಒಂದನ್ನೊಂದು ಸುಮ್ಮನೆ ಸಹಿಸಿಕೊಂಡು ಕುಳಿತಿರಲಿಲ್ಲ. ಅವು ಒಂದನ್ನೊಂದು ಪ್ರಶ್ನಿಸಿದವು, ಅಳೆದವು, ಕೆಲವೊಮ್ಮೆ ಹೊರಗಟ್ಟಿದವು. ಸತ್ಯ ಯಾವ ಮಾರ್ಗದಲ್ಲಿದೆ ಎಂಬ ಪ್ರಶ್ನೆಯನ್ನು ಈ ನಾಡಿನಲ್ಲಿ ಯಾರು, ಯಾವ ರೀತಿಯಲ್ಲಿ ಕೇಳಿದರು ಎಂಬುದನ್ನು ತಿಳಿಯದೆ ಇಂದಿನ ಧರ್ಮಚರ್ಚೆಗಳು ಯಾಕೆ ಇಷ್ಟು ಬೇಗ ಜಗಳವಾಗುತ್ತವೆ ಎಂಬುದು ಅರ್ಥವಾಗಲಾರದು.

ನಮ್ಮ ಹಳೆಯ ತರ್ಕಶಾಸ್ತ್ರ ಚರ್ಚೆಯನ್ನು ಮೂರಾಗಿ ವಿಂಗಡಿಸಿತ್ತು. ಸತ್ಯವನ್ನು ತಿಳಿಯಲೆಂದು ಮಾಡುವುದು ವಾದ. ಹೇಗಾದರೂ ಗೆಲ್ಲಲೆಂದು ಮಾಡುವುದು ಜಲ್ಪ. ತನ್ನದೇನನ್ನೂ ಸ್ಥಾಪಿಸದೆ ಎದುರಿನವನ ಮಾತನ್ನು ಕೆಡವುವುದಷ್ಟೇ ಗುರಿಯಾದರೆ ಅದು ವಿತಂಡ. ಆಡುಮಾತಿನಲ್ಲಿ ವಿತಂಡವಾದ ಎಂಬ ಪದ ಇಂದಿಗೂ ಬಳಕೆಯಲ್ಲಿದೆ. ಜಲ್ಪವನ್ನು ಮಾತ್ರ ನಾವು ಮರೆತಿದ್ದೇವೆ, ಬಹುಶಃ ಅದನ್ನೇ ವಾದವೆಂದು ತಿಳಿದುಕೊಂಡಿರುವುದರಿಂದ. ಈ ಪದ್ಧತಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಪೂರ್ವಪಕ್ಷ: ಖಂಡಿಸುವ ಮೊದಲು ಎದುರಾಳಿಯ ನಂಬಿಕೆಯನ್ನು ಅವನೇ ಒಪ್ಪುವಷ್ಟು ಸರಿಯಾಗಿ ಹೇಳಬೇಕೆಂಬ ಕಟ್ಟಳೆ. ಪರರ ಧರ್ಮವನ್ನು ತಿಳಿಯದವನಿಗೆ ಅದನ್ನು ಅಲ್ಲಗಳೆಯುವ ಅಧಿಕಾರವಿಲ್ಲ ಎಂಬುದು ಇದರ ತಿರುಳು.

ಈ ಕಥೆಯ ಮೊದಲ ದಾಖಲೆ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಇಲ್ಲಿನ ಬಂಡೆಯ ಮೇಲೆ ಕಂಡ ಶಾಸನ, ಅದುವರೆಗೆ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದಷ್ಟೇ ತಿಳಿದಿದ್ದ ದೊರೆ ಅಶೋಕನೇ ಎಂಬುದನ್ನು ಖಚಿತಪಡಿಸಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಅವನ ಹೆಸರಿರುವ ಶಾಸನಗಳು ಸಿಕ್ಕವು. ಹೆಸರಿನ ಸಂಭ್ರಮದಲ್ಲಿ ಮಸ್ಕಿಯ ಶಾಸನ ಹೇಳುವ ಮಾತಿನತ್ತ ಹೆಚ್ಚಿನವರ ಗಮನ ಹೋಗುವುದಿಲ್ಲ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ಕಳೆದಿದೆ ಎಂದು ತಿಳಿಸುವ ದೊರೆ, ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಅದರ ಫಲವನ್ನು ಪಡೆಯಬಲ್ಲ, ದೊಡ್ಡವರು ಮಾತ್ರ ಪಡೆಯಬಲ್ಲರು ಎಂದು ಎಣಿಸಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂದು ಬರೆಸುತ್ತಾನೆ. ಒಂದು ಧರ್ಮವನ್ನು ಅಳೆಯುವಾಗ ಅದರ ಬಾಗಿಲು ಯಾರಿಗೆ ತೆರೆದಿದೆ ಎಂದು ಮೊದಲು ನೋಡಬೇಕೆಂಬ ಅಳತೆಗೋಲು ಆ ಬಂಡೆಯ ಮೇಲೆಯೇ ಇದೆ. ನೆರೆಯ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತಿರುವ ಅವನ ಹನ್ನೆರಡನೆಯ ಶಾಸನ ಇನ್ನೂ ಮುಂದೆ ಹೋಗಿ, ತನ್ನ ಪಂಥದ ಮೇಲಿನ ಅಭಿಮಾನದಿಂದ ಅದನ್ನು ಹೊಗಳಿ ಪರರ ಪಂಥವನ್ನು ತೆಗಳುವವನು ತನ್ನ ಪಂಥಕ್ಕೇ ಹೆಚ್ಚಿನ ಕೇಡು ಮಾಡುತ್ತಾನೆ, ಆದ್ದರಿಂದ ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕು ಎನ್ನುತ್ತದೆ.

ಪಾಲ್ಕಿಗುಂಡಿನ ಬಳಿಯ ಪಾದಗಳು ಜಟಾಸಿಂಹನಂದಿ ಆಚಾರ್ಯರವು ಎಂದು, ಅವುಗಳನ್ನು ಚಾವಯ್ಯ ಎಂಬವನು ಮಾಡಿಸಿದನೆಂದು ಅಲ್ಲಿಯ ಹಳಗನ್ನಡ ಶಾಸನ ಹೇಳುತ್ತದೆ. ಏಳನೆಯ ಶತಮಾನದವರೆಂದು ವಿದ್ವಾಂಸರು ಗುರುತಿಸುವ ಈ ಆಚಾರ್ಯರು ಸಂಸ್ಕೃತದಲ್ಲಿ ಬರೆದ ವರಾಂಗಚರಿತದಲ್ಲಿ ಅನ್ಯಮತಗಳ ವಿಮರ್ಶೆಗೆಂದೇ ಮೀಸಲಾದ ಭಾಗಗಳಿವೆ. ಜಗತ್ತಿನ ಆಗುಹೋಗುಗಳಿಗೆಲ್ಲ ಕಾಲವೇ ಕಾರಣವೋ, ವಿಧಿಯೋ, ಗ್ರಹಗಳೋ, ಈಶ್ವರನೋ ಎಂದು ಒಂದೊಂದೇ ಮತವನ್ನು ಎತ್ತಿಕೊಂಡು ಅವರು ಪರೀಕ್ಷಿಸುತ್ತಾರೆ. ಹುಟ್ಟಿನಿಂದ ಬರುವ ಜಾತಿಯ ಮೇಲರಿಮೆಯನ್ನೂ ಯಜ್ಞದ ಪ್ರಾಣಿಬಲಿಯನ್ನೂ ಪ್ರಶ್ನಿಸುತ್ತಾರೆ. ಜಾತಿಯನ್ನು ಪ್ರಶ್ನಿಸುವ ಮಾತು ಕನ್ನಡ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣರಿಂದಲೇ ಶುರುವಾಯಿತೆಂದು ನಂಬಿರುವ ನಮಗೆ ಇದು ನೆನಪಿರಬೇಕಾದ ಸಂಗತಿ. ಶರಣರು ಆ ಪ್ರಶ್ನೆಯನ್ನು ಕನ್ನಡಕ್ಕೆ ತಂದರು, ದುಡಿಯುವವರ ಬಾಯಿಗೆ ಕೊಟ್ಟರು. ಅವರ ಹಿರಿಮೆ ಅದು. ಪ್ರಶ್ನೆಯ ಬೇರು ಮಾತ್ರ ಇನ್ನೂ ಆಳದಲ್ಲಿತ್ತು. ಕೊಪಣವೆಂಬ ಹೆಸರಿನಿಂದ ಈ ಊರನ್ನು ಕನ್ನಡದ ತಿರುಳ ನಾಡಿನ ಎಲ್ಲೆಯಲ್ಲಿ ಹೆಸರಿಸುವ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಪರವಿಚಾರವನ್ನೂ ಪರಧರ್ಮವನ್ನೂ ಸೈರಿಸುವುದೇ ನಿಜವಾದ ಚಿನ್ನ ಎಂದು ಹೇಳಿತ್ತು.

ಆದರೆ ಜಲ್ಪದ ದಾಖಲೆಗಳೂ ಇವೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ಶಿವನೇ ಹೆಚ್ಚೆಂದು ತೋರಿಸಲು ಅವನು ಜೈನರೊಡನೆ ತನ್ನ ತಲೆಯನ್ನೇ ಪಣಕ್ಕಿಟ್ಟನಂತೆ. ಅವನು ಜಿನಬಿಂಬವನ್ನು ಒಡೆದ ಮೇಲೆ ದೂರು ಬಿಜ್ಜಳನ ಬಳಿಗೆ ಹೋಗಿ, ಕೊನೆಗೆ ರಾಮಯ್ಯನಿಗೇ ಜಯಪತ್ರ ಸಿಕ್ಕಿತಂತೆ. ಸತ್ಯದ ನಿರ್ಣಯವನ್ನು ಪವಾಡಕ್ಕೂ ಅರಸನ ಮುದ್ರೆಗೂ ಒಪ್ಪಿಸಿದರೆ ಪೂರ್ವಪಕ್ಷಕ್ಕೆ ಜಾಗವೇ ಇರುವುದಿಲ್ಲ. ಜೈನರ ಆದಿತೀರ್ಥವೆನಿಸಿದ್ದ ಕೊಪಣದಲ್ಲಿ ಅವರ ಪ್ರಭಾವ ಕುಗ್ಗುತ್ತ ಬಂದ ಶತಮಾನಗಳನ್ನು ಈ ಹಿನ್ನೆಲೆಯಿಲ್ಲದೆ ಓದುವುದು ಅಪ್ರಾಮಾಣಿಕವಾಗುತ್ತದೆ.

1368ರಲ್ಲಿ ಇಂಥದೇ ಜಗಳ ವಿಜಯನಗರದ ಬುಕ್ಕರಾಯನ ಮುಂದೆ ಬಂತು. ಇಂದಿನ ಕೊಪ್ಪಳ ಜಿಲ್ಲೆಯಲ್ಲಿರುವ ಆನೆಗೊಂದಿಯೂ ಸೇರಿದಂತೆ ಹಲವು ಪಟ್ಟಣಗಳ ಜೈನರು, ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಬಿನ್ನವಿಸಿಕೊಂಡರು. ಶ್ರವಣಬೆಳಗೊಳದ ಶಾಸನದ ಪ್ರಕಾರ ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಈ ಪ್ರಸಂಗವನ್ನು ನಾವು ಶಾಲೆಯಿಂದಲೂ ಹೆಮ್ಮೆಯಿಂದ ಓದಿದ್ದೇವೆ, ಆ ಹೆಮ್ಮೆ ತಪ್ಪಲ್ಲ. ಆದರೂ ಅರಸನ ತೀರ್ಪು ಜಗಳವನ್ನು ನಿಲ್ಲಿಸಿತೇ ಹೊರತು ಯಾವುದು ನಿಜವೆಂಬ ವಿಚಾರಕ್ಕೆ ಕೈಹಾಕಲಿಲ್ಲ. ಭೇದವಿಲ್ಲ ಎನ್ನುವುದು ರಾಜನೀತಿಗೆ ಬೇಕಾದ ಮಾತು. ಭೇದವಿದೆ, ಅದನ್ನು ಬಲ್ಲೆ, ಆದರೂ ನಿನ್ನೊಡನೆ ಬಾಳುತ್ತೇನೆ ಎನ್ನುವುದು ಹೆಚ್ಚು ಕಷ್ಟದ ಮಾತು.

ಆ ಕಷ್ಟದ ಕೆಲಸದ ಗುರುತುಗಳೂ ಅದೇ ರಾಜಧಾನಿಯಲ್ಲಿವೆ. 2021ರಲ್ಲಿ ಹೊಸ ಜಿಲ್ಲೆಯಾಗುವವರೆಗೆ ಬಳ್ಳಾರಿಗೆ ಸೇರಿದ್ದ ಹಂಪಿಯಲ್ಲಿ, 1439ರಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ ಕಟ್ಟಿಸಿದ ಮಸೀದಿಯನ್ನು ಅಲ್ಲಿಯ ಕನ್ನಡ ಶಾಸನ ‘ಧರ್ಮಸಾಲೆ’ ಎಂದು ಕರೆದು, ಅದನ್ನು ಇಮ್ಮಡಿ ದೇವರಾಯನ ಪುಣ್ಯಕ್ಕಾಗಿ ಕಟ್ಟಿಸಿದ್ದೆಂದು ಹೇಳುತ್ತದೆ. ತನ್ನ ನಂಬಿಕೆಯ ಮನೆಗೆ ನೆರೆಯವರ ಮಾತಿನಲ್ಲಿ ಹೆಸರಿಡುವುದು ಸಣ್ಣ ಸಂಗತಿಯಲ್ಲ. ಶಾಸ್ತ್ರದ ಮಟ್ಟದಲ್ಲಿ ಆ ಕೆಲಸವನ್ನು ನಡೆಸಿದವರು ದ್ವೈತ ಮತದ ಯತಿ ವ್ಯಾಸತೀರ್ಥರು. 1539ರಲ್ಲಿ ತೀರಿಕೊಂಡು ಆನೆಗೊಂದಿಯ ಬಳಿಯ ನವವೃಂದಾವನದ ನಡುಗಡ್ಡೆಯಲ್ಲಿ ವೃಂದಾವನಸ್ಥರಾಗಿರುವ ಅವರು, ಬ್ರಹ್ಮಸೂತ್ರಗಳಿಗೆ ಶಂಕರ, ರಾಮಾನುಜ, ಮಧ್ವರು ಬರೆದ ಭಾಷ್ಯಗಳನ್ನು ತಾತ್ಪರ್ಯಚಂದ್ರಿಕೆಯಲ್ಲಿ ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸಿದರು. ಅವರು ಅದ್ವೈತವನ್ನು ಖಂಡಿಸಿದ ನ್ಯಾಯಾಮೃತ ಎಷ್ಟು ಗಟ್ಟಿಯಾಗಿತ್ತೆಂದರೆ, ಅದಕ್ಕೆ ಉತ್ತರಿಸಲು ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನೇ ಬರೆಯಬೇಕಾಯಿತು. ದ್ವೈತವೋ ಅದ್ವೈತವೋ ಎಂಬುದನ್ನು ಓದುಗರು ತಮ್ಮ ವಿವೇಕಕ್ಕೆ ತಕ್ಕಂತೆ ತೀರ್ಮಾನಿಸಿಕೊಳ್ಳಲಿ. ಎದುರಾಳಿಯನ್ನು ಇಷ್ಟು ಶ್ರದ್ಧೆಯಿಂದ ಓದಿದವರು ನಮ್ಮ ತುಂಗಭದ್ರೆಯ ದಡದಲ್ಲಿದ್ದರು ಎಂಬುದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಈ ವಾದಗಳೆಲ್ಲ ಸಂಸ್ಕೃತದಲ್ಲಿದ್ದವು. ಅಕ್ಷರ ಬಾರದವರಿಗೆ ಅವುಗಳ ಬಾಗಿಲು ತೆರೆದದ್ದು ಕನ್ನಡದಲ್ಲಿ ಹಾಡುವ ಪದಗಳ ಮೂಲಕ. ಚೀಕಲಪರವಿಯ ವಿಜಯದಾಸರನ್ನು, ಕನ್ನಡದಲ್ಲಿ ಹಾಡುವವರೆಂಬ ಕಾರಣಕ್ಕೆ ಮಾನ್ವಿ ಸೀಮೆಯ ಸಂಸ್ಕೃತ ಪಂಡಿತರೊಬ್ಬರು ಕಡೆಗಣಿಸಿ, ಹೊಟ್ಟೆನೋವಿನಿಂದ ನರಳಿ, ಕೊನೆಗೆ ಗೋಪಾಲದಾಸರಿಗೆ ಶರಣಾಗಿ ತಾವೇ ಜಗನ್ನಾಥದಾಸರಾದ ಕಥೆ ರಾಯಚೂರಿನ ದಾಸಪರಂಪರೆಯಲ್ಲಿ ಮನೆಮಾತು. ಇದನ್ನು ಪವಾಡವೆಂದು ಓದುವವರು ಓದಲಿ. ಸತ್ಯ ತನ್ನ ಭಾಷೆಯಲ್ಲಷ್ಟೇ ಇದೆ ಎಂದು ನಂಬಿದ್ದ ವಿದ್ವಾಂಸರೊಬ್ಬರು ಆ ನಂಬಿಕೆಯನ್ನು ಬಿಟ್ಟುಕೊಟ್ಟ ಕಥೆಯೆಂದು ನಾನು ಓದುತ್ತೇನೆ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಒಂದು ಕಡೆಯವರು ಶಿವ ಹೆಚ್ಚೆಂದೂ ಇನ್ನೊಂದು ಕಡೆಯವರು ಶಕ್ತಿ ಹೆಚ್ಚೆಂದೂ ಸವಾಲು-ಜವಾಬು ಹಾಡುತ್ತ ರಾತ್ರಿ ಕಳೆಯುತ್ತಿದ್ದರು. ಎದುರು ಮೇಳದವರ ಪದವನ್ನು ಪೂರ್ತಿ ಕೇಳಿಸಿಕೊಳ್ಳದೆ ಜವಾಬು ಕಟ್ಟಲು ಬರುವುದಿಲ್ಲ. ಪೂರ್ವಪಕ್ಷದ ಶಿಸ್ತನ್ನು ಹಳ್ಳಿಯ ಕಟ್ಟೆಗೆ ಇಳಿಸಿದವರು ಈ ಹಾಡುಗಾರರು. ಮುದಗಲ್ಲಿನ ಮೊಹರಂ ಹೆಸರಾಂತದ್ದು. ಮುಸ್ಲಿಂ ಮನೆಯೇ ಇಲ್ಲದ ಎಷ್ಟೋ ಊರುಗಳಲ್ಲಿಯೂ ಅಲಾಯಿ ಕುಣಿಯೆಂಬ ಬೆಂಕಿಯ ಗುಂಡಿ ತೆಗೆದು, ಪೀರಲ ದೇವರನ್ನು ಕೂಡಿಸಿ, ಕರ್ಬಲಾದ ದುಃಖವನ್ನು ರಿವಾಯತ್ ಪದಗಳಲ್ಲಿ ಕನ್ನಡದಲ್ಲೇ ಹಾಡಿದ್ದಾರೆ. ಇದು ಶುದ್ಧ ಇಸ್ಲಾಮೂ ಅಲ್ಲ, ಶುದ್ಧ ಹಿಂದೂ ಆಚಾರವೂ ಅಲ್ಲ ಎಂದು ಎರಡೂ ಕಡೆಯ ಸುಧಾರಕರು ಆಕ್ಷೇಪಿಸುತ್ತ ಬಂದಿದ್ದಾರೆ. ಶಾಸ್ತ್ರದ ದೃಷ್ಟಿಯಿಂದ ಅವರ ಆಕ್ಷೇಪಕ್ಕೆ ಆಧಾರವಿರಬಹುದು. ಆದರೆ ಕುಣಿಯ ಸುತ್ತ ಹೆಜ್ಜೆ ಹಾಕುವವರ ಪೂರ್ವಪಕ್ಷವನ್ನು ಅವರು ಕೇಳಿ ಬರೆದದ್ದು ಬಹಳ ಕಡಿಮೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಹೋಲಿಕೆಯ ರೀತಿಯೇ ಬದಲಾಯಿತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು, ಕನ್ನಡ ಕಲಿತರು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಯಿತು. ಪಾಪ, ಕೃಪೆ, ರಕ್ಷಣೆ ಎಂಬ, ಆಗಲೇ ಬೇರೆ ಅರ್ಥಗಳಿಂದ ತುಂಬಿದ್ದ ಪದಗಳಿಗೆ ಹೊಸ ಅರ್ಥವನ್ನು ಹೊರಿಸಬೇಕಾಯಿತು. ಒಂದು ಧರ್ಮದ ಗ್ರಂಥ ಅಚ್ಚಾಗಿ ಕೈಗೆ ಸಿಕ್ಕ ಮೇಲೆ, ನಮ್ಮ ಗ್ರಂಥವೆಲ್ಲಿ, ಅದರಲ್ಲೇನಿದೆ ಎಂದು ಇತರರೂ ಕೇಳಲೇಬೇಕಾಯಿತು. ಇದು ಆ ಮುದ್ರಣದಿಂದಾದ ಲಾಭ. ನಷ್ಟವೂ ಆಯಿತು: ಧರ್ಮವೆಂದರೆ ಪುಸ್ತಕ, ಹೋಲಿಕೆಯೆಂದರೆ ಪುಸ್ತಕದ ಎದುರಿಗೆ ಪುಸ್ತಕ ಎಂಬ ಭಾವನೆ ಬೇರೂರಿ, ಪುಸ್ತಕವಿಲ್ಲದ ಗ್ರಾಮದೇವತೆಗಳ ಲೋಕ ಬರಿಯ ಮೂಢನಂಬಿಕೆಯೆನಿಸಿತು.

ಆ ಲೋಕವನ್ನು ಪ್ರಶ್ನಿಸಬಾರದೆಂದು ನಾನು ಹೇಳುತ್ತಿಲ್ಲ. ಯಲ್ಲಮ್ಮ, ಹುಲಿಗೆಮ್ಮರ ಹೆಸರಿನಲ್ಲಿ ದಲಿತರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ, ಬಸವಿ ಬಿಡುವ, ಅಂದರೆ ಅವರನ್ನು ದೇವದಾಸಿಯರನ್ನಾಗಿ ಮಾಡುವ ಪದ್ಧತಿ ಈ ಮೂರು ಜಿಲ್ಲೆಗಳಲ್ಲಿ ಆಳವಾಗಿ ಬೇರುಬಿಟ್ಟಿತ್ತು. ತಲೆಯಲ್ಲಿ ಜಡೆಗಟ್ಟಿದರೆ ದೇವಿಯ ಕರೆಯೆಂದು ನಂಬಿಸಲಾಗುತ್ತಿತ್ತು. ತೊಳೆದು ಬಾಚದ ಕೂದಲು ಸಿಕ್ಕುಗಟ್ಟುತ್ತದೆ ಎಂದು ತಿಳಿಹೇಳಿ ಆ ಜಡೆಯನ್ನು ಕತ್ತರಿಸುವುದಕ್ಕೂ ಧೈರ್ಯ ಬೇಕಾಗಿತ್ತು. 1982ರಲ್ಲಿ ಕರ್ನಾಟಕ ಈ ಪದ್ಧತಿಯನ್ನು ನಿಷೇಧಿಸುವ ಕಾನೂನನ್ನು ತಂದಿತು. ಆದರೆ ಊರೂರಿನಲ್ಲಿ ಪದ್ಧತಿಯ ವಿರುದ್ಧ ನಿಂತವರಲ್ಲಿ ಮುತ್ತು ಕಟ್ಟಿಸಿಕೊಂಡ ಹೆಂಗಸರೇ ಇದ್ದರು. ತಮ್ಮ ಮಗಳಿಗೆ ಅದನ್ನು ಕಟ್ಟಲಾರೆವು ಎಂದು ಅವರು ಹೇಳಿದಾಗ, ದೇವಿಯ ಮೇಲಿನ ಭಕ್ತಿಯನ್ನು ಬಿಡದೆಯೇ ದೇವಿಯ ಹೆಸರಿನ ಕಟ್ಟಳೆಯನ್ನು ನಿರಾಕರಿಸಿದ್ದರು. ಎರಡೂ ಪಕ್ಷಗಳನ್ನು ತಮ್ಮ ಮೈಮೇಲೆಯೇ ಹೊತ್ತು ಬಾಳಿದವರು ಎತ್ತಿದ ಪ್ರಶ್ನೆ ಅದು; ಪಂಡಿತರ ಸಭೆಗಳ ಯಾವ ಖಂಡನೆಗೂ ಅಷ್ಟು ತೂಕವಿಲ್ಲವೆಂದು ನನಗೆ ಅನಿಸುತ್ತದೆ.

ಧರ್ಮಗಳ ಹೋಲಿಕೆಯನ್ನು ಬದುಕಿನ ತೀರ್ಮಾನವಾಗಿ ಮಾಡಿಕೊಂಡವರಲ್ಲಿ ಅಂಬೇಡ್ಕರ್ ಅವರಿಗೆ ಸಮಾನರು ಕಡಿಮೆ. ಹಿಂದೂವಾಗಿ ಸಾಯಲಾರೆ ಎಂದು 1935ರಲ್ಲಿ ಯೇವಲೆಯಲ್ಲಿ ಘೋಷಿಸಿದ ಅವರು ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವಿನ 21 ವರ್ಷ ಅವರು ಓದಿದರು, ಹೋಲಿಸಿದರು. 1950ರ ಲೇಖನವೊಂದರಲ್ಲಿ ಬುದ್ಧ, ಯೇಸು, ಮಹಮ್ಮದ್, ಕೃಷ್ಣ ಈ ನಾಲ್ವರೂ ತಮ್ಮನ್ನು ತಾವು ಏನೆಂದು ಕರೆದುಕೊಂಡರು ಎಂಬುದನ್ನೇ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಬುದ್ಧ ತನ್ನನ್ನು ಮನುಷ್ಯನೆಂದಷ್ಟೇ ಹೇಳಿಕೊಂಡ, ತನ್ನ ಮಾತನ್ನೂ ಪರೀಕ್ಷಿಸಿ ಎಂದ ಎಂಬುದು ಅವರ ಆಯ್ಕೆಗೆ ಮುಖ್ಯ ಕಾರಣಗಳಲ್ಲೊಂದಾಯಿತು. ಅವರ ದಾರಿ ಹಿಡಿದು ಬುದ್ಧನನ್ನು ಅರಸುವ ನಮ್ಮ ಭಾಗದ ಯುವಕರಿಗೆ ಮಸ್ಕಿಯ ಬಂಡೆ ಈಗ ಬರಿಯ ಪುರಾತತ್ವದ ಕುರುಹಲ್ಲ.

ಆ ಬಂಡೆಯ ಮೇಲಿನ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ. 2021ರಲ್ಲಿ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ, ಹುಟ್ಟುಹಬ್ಬದ ದಿನ ಹನುಮಪ್ಪನ ಗುಡಿಯ ಹೊರಗೆ ನಿಂತು ಕೈಮುಗಿಯಲು ಬಂದಿದ್ದ ದಲಿತ ಕುಟುಂಬದ ಪುಟ್ಟ ಮಗುವೊಂದು ಗುಡಿಯೊಳಕ್ಕೆ ಓಡಿತು. ಗುಡಿಯನ್ನು ಶುದ್ಧಿ ಮಾಡಬೇಕೆಂದು ಊರಿನ ಕೆಲವರು ಆ ಮನೆಯವರ ಮೇಲೆ ದಂಡ ಹೇರಿದರು. ಸುದ್ದಿ ಹರಡಿದ ಮೇಲೆ ಅಧಿಕಾರಿಗಳು ಊರಿಗೆ ಬಂದರು, ಪ್ರಕರಣ ದಾಖಲಾಯಿತು. ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕೆಂದು ಕೊರೆದ ಮಾತು ಮಸ್ಕಿಯಲ್ಲಿ, ಕೊಪ್ಪಳದ ಎರಡು ಗುಡ್ಡಗಳಲ್ಲಿ, ನಿಟ್ಟೂರಿನಲ್ಲಿ, ಉಡೇಗೋಳದಲ್ಲಿ ಕಲ್ಲಿನ ಮೇಲಿದೆ. ಮಿಯಾಪುರದ ಆ ಮಗು ಅಕ್ಷರ ಕಲಿಯುವ ವಯಸ್ಸಿಗೆ ಈಗ ಬಂದಿರಬೇಕು.