ಜೋಳಕ್ಕೆ ಭದ್ರ, ಮನುಷ್ಯನಿಗೆ ಅಪಾಯ

ಜೋಳ ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ ಹಗೇವು. ಅದಕ್ಕೆ ಇಳಿದವನು ಕೂಗಲೂ ಇಲ್ಲ, ಕುಸಿದುಬಿಟ್ಟ. ಮೇಲಿದ್ದವರು ಹೇಳಿದ್ದು ‘ಗಾಳಿ ಬಡದೈತಿ’. ಗದಗ, ರೋಣ, ನವಲಗುಂದದ ಕಡೆ ಗಾಳಿ ಎಂದರೆ ದೆವ್ವವೂ ಹೌದು. ತಾಯತ, ನಿಂಬೆಹಣ್ಣು, ಬೇವಿನ ಸೊಪ್ಪು ಎಲ್ಲ ಆ ಅರ್ಥದ ಹಿಂದೆಯೇ ಬರುತ್ತವೆ. ಆದರೆ ಆ ಮಾತಿನ ನೇರ ಅರ್ಥವೇ ಸರಿ. ಅವನಿಗೆ ಬಡಿದದ್ದು ಗಾಳಿಯೇ, ಆಮ್ಲಜನಕ ಕಳೆದುಕೊಂಡ ಗಾಳಿ.

ಸುರಕ್ಷಿತವಲ್ಲ ಎನ್ನಲು ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಕುತ್ತು, ಕೇಡು, ಆಪತ್ತು, ಅಭದ್ರ, ಅಪಾಯ ಎಲ್ಲ ಇವೆ. ಹುಬ್ಬಳ್ಳಿ-ಧಾರವಾಡದವರು ‘ಅಲ್ಲಿ ಧೋಕಾ ಐತಿ’ ಎನ್ನುತ್ತಾರೆ. ಹಿಂದಿಯಲ್ಲಿ ಧೋಕಾ ಎಂದರೆ ಮೋಸ, ಮರಾಠಿಯಲ್ಲಿ ಅಪಾಯ. ನಮ್ಮವರು ಹಿಡಿದದ್ದು ಮರಾಠಿಯ ಅರ್ಥ. ಗಂಡಾಂತರ ಜಾತಕ ನೋಡುವವರ ಬಾಯಲ್ಲಿ ಬೆಳೆದ ಮಾತು, ಕೇಡು ಯಾವಾಗ ಬರುತ್ತದೆ ಎನ್ನುತ್ತದೆಯೇ ಹೊರತು ಯಾಕೆ ಎನ್ನುವುದಿಲ್ಲ.

ಇವುಗಳಲ್ಲಿ ಹೆಚ್ಚು ದಾರಿ ತಪ್ಪಿಸುವ ಮಾತು ಭದ್ರ. ಸಂಸ್ಕೃತದಲ್ಲಿ ಅದು ಮಂಗಳಕರ, ಒಳ್ಳೆಯದು. ಕನ್ನಡಕ್ಕೆ ಬಂದು ಗಟ್ಟಿ, ಬಿಗಿ ಎಂದಾಯಿತು: ಬಾಗಿಲು ಭದ್ರ ಮಾಡು, ಗಂಟು ಭದ್ರವಾಗಿ ಕಟ್ಟು. ಹಾಗಾಗಿ ಅಲುಗುವುದೆಲ್ಲ ಅಭದ್ರ, ಬಿಗಿಯಾಗಿ ಮುಚ್ಚಿದ್ದೆಲ್ಲ ಸುರಕ್ಷಿತ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಹಗೇವಿನ ಮುಂದೆ ಈ ಲೆಕ್ಕ ಪೂರ್ತಿ ತಲೆಕೆಳಗು.

ನೀರು ನಿಲ್ಲದ ಗಟ್ಟಿ ನೆಲದಲ್ಲಿ ಎರಡಾಳು ಆಳ ತೋಡಿದ ಗುಂಡಿ ಅದು. ಬಾಯಿ ಒಬ್ಬ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೆ ಬೆಂಕಿ ಹಾಕಿ ಗೋಡೆ ಒಣಗಿಸಿ, ತಳಕ್ಕೂ ಮಗ್ಗುಲಿಗೂ ಒಣಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಾರೆ. ಜೋಳದ ತೇವ ಶೇಕಡಾ 12ಕ್ಕಿಂತ ಕಡಿಮೆ ಇರಬೇಕು, ಹಲ್ಲಲ್ಲಿ ಕಡಿದರೆ ಕಟಕ್ ಎನ್ನಬೇಕು. ತೇವ ಹೆಚ್ಚಾದರೆ ಗೋಡೆಯ ಮಗ್ಗುಲ ಕಾಳು ಮುಗ್ಗು ಹಿಡಿಯುತ್ತದೆ.

ಮುಚ್ಚಿದ ಮೇಲೂ ಕಾಳು ಉಸಿರಾಡುತ್ತದೆ. ನುಸಿ ಮತ್ತು ಬೂಷ್ಟು ಅದಕ್ಕಿಂತ ಜೋರಾಗಿ ಉಸಿರಾಡುತ್ತವೆ. 20 ಕ್ವಿಂಟಲ್ ಜೋಳ ಸುಮಾರು 2.7 ಘನಮೀಟರ್ ಜಾಗ ಹಿಡಿಯುತ್ತದೆ. ಅದರಲ್ಲಿ ಶೇಕಡಾ 40ರಷ್ಟು ಕಾಳಿನ ನಡುವಿನ ಸಂದು, ಅಂದರೆ ಸುಮಾರು 1,100 ಲೀಟರ್ ಗಾಳಿ. ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9, ಹಾಗಾಗಿ ಆ ಸಂದುಗಳಲ್ಲಿರುವುದು 230 ಲೀಟರ್. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಕಾಲು ಲೀಟರ್ ಆಮ್ಲಜನಕ ಬಳಸುತ್ತಾನೆ. ಇಡೀ ಹಗೇವಿನ ಸಂದುಗಳ ಆಮ್ಲಜನಕ ಒಬ್ಬನಿಗೆ ಹದಿನೈದು ಗಂಟೆಯ ಉಸಿರು, ಅಷ್ಟೇ. ಅದನ್ನು ನುಸಿ, ಬೂಷ್ಟು, ಕಾಳು ಎಲ್ಲ ಸೇರಿ ತಿಂದು ಮುಗಿಸುತ್ತವೆ. ಶೇಕಡಾ 3ಕ್ಕಿಂತ ಕೆಳಗಿಳಿದು ಹಾಗೇ ನಿಂತರೆ ನುಸಿ ತಾನೇ ಸಾಯುತ್ತದೆ. ಔಷಧಿ ಹಾಕದೆ ಜೋಳ ವರ್ಷಗಟ್ಟಲೆ ಉಳಿಯುವ ಗುಟ್ಟು ಇದು. ಜೋಳವನ್ನು ಭದ್ರವಾಗಿಡುವ ಆ ಗಾಳಿಯೇ ಮನುಷ್ಯನನ್ನು ಕೊಲ್ಲುತ್ತದೆ.

ಆಮ್ಲಜನಕ ಹೋದ ಜಾಗಕ್ಕೆ ಬರುವುದು ಇಂಗಾಲದ ಡೈಆಕ್ಸೈಡ್. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಾಯಿ ತೆರೆದರೂ ಒಳಗೆ ಗಾಳಿಯಾಟವಿಲ್ಲದ ಕಾರಣ ಕೊಡದೊಳಗಿನ ನೀರಿನಂತೆ ನಿಂತಿರುತ್ತದೆ. ಇದ್ದಿಲು ಸುಟ್ಟಾಗ ಬರುವ ಇದೇ ಅನಿಲವನ್ನು ಹದಿನೇಳನೆಯ ಶತಮಾನದಲ್ಲಿ ಗಮನಿಸಿದ ರಸಾಯನಶಾಸ್ತ್ರಜ್ಞ ವಾನ್ ಹೆಲ್ಮಾಂಟ್, ಹಿಡಿಯಲಾಗದ ಈ ವಸ್ತುವಿಗೆ ಗ್ರೀಕರ ‘ಖಾವೋಸ್’ ಶಬ್ದದಿಂದ ‘ಗ್ಯಾಸ್’ ಎಂಬ ಹೆಸರು ಕಟ್ಟಿದ. ನಮ್ಮ ಅಡುಗೆಮನೆಯ ಗ್ಯಾಸಿಗೂ ಮೂಲ ಅದೇ. ಇಟಲಿಯ ನೇಪಲ್ಸ್ ಬಳಿಯ ‘ನಾಯಿಗವಿ’ಯಲ್ಲಿ ನೆಲದ ಮಟ್ಟಕ್ಕೆ ಇದೇ ಅನಿಲ ನಿಲ್ಲುತ್ತಿತ್ತು. ಒಳಹೊಕ್ಕ ನಾಯಿ ಮೂರ್ಛೆ ಹೋಗುತ್ತಿತ್ತು, ನಿಂತ ಮನುಷ್ಯನಿಗೆ ಏನೂ ಆಗುತ್ತಿರಲಿಲ್ಲ. ವ್ಯತ್ಯಾಸ ಮೂಗಿನ ಎತ್ತರದ್ದು, ದೈವದ್ದಲ್ಲ.

ಈಗ ನಿಜವಾದ ವಿಸ್ಮಯಕ್ಕೆ ಬರೋಣ. ಉಸಿರು ಕಟ್ಟಿದರೆ ತಕ್ಷಣ ಮೇಲೆ ಬಂದರಾಯಿತು ಎಂದು ಜನ ತಿಳಿಯುತ್ತಾರೆ. ಪುಪ್ಪಸ, ಅಂದರೆ ಶ್ವಾಸಕೋಶ, ಆಮ್ಲಜನಕವನ್ನು ಹೀರುವ ಪಂಪು ಎಂಬ ತಪ್ಪು ಕಲ್ಪನೆಯ ಫಲ ಇದು. ಆಮ್ಲಜನಕ ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿ ಹರಿಯುತ್ತದೆ, ಕಾಲುವೆಯ ನೀರು ಇಳಿಜಾರಿಗೆ ಹರಿದಂತೆ. ಪುಪ್ಪಸದ ಗಾಳಿಯಲ್ಲಿ ಅದರ ಒತ್ತಡ ಸುಮಾರು 100 ಮಿಲಿಮೀಟರ್ ಪಾದರಸ, ಮೈಯೆಲ್ಲ ಸುತ್ತಿ ದಣಿದು ಬಂದ ರಕ್ತದಲ್ಲಿ ಸುಮಾರು 40. ಅದಕ್ಕೇ ಗಾಳಿಯಿಂದ ರಕ್ತಕ್ಕೆ ಹರಿವು. ಹಗೇವಿನ ಗಾಳಿ ಎಳೆದುಕೊಂಡಾಗ ಪುಪ್ಪಸದ ಒತ್ತಡ 40ಕ್ಕಿಂತ ಕೆಳಗಿಳಿದರೆ ಇಳಿಜಾರೇ ತಿರುಗುತ್ತದೆ. ರಕ್ತದಲ್ಲಿದ್ದ ಆಮ್ಲಜನಕ ಹೊರಬೀಳುತ್ತದೆ. ಕೆಳಗಿನ ತೊಟ್ಟಿಗೆ ನೀರು ಇಳಿಸಿದ ನಳಿಗೆಯೇ, ಮೇಲಿನ ತೊಟ್ಟಿಯನ್ನು ಕೆಳಗಿಟ್ಟರೆ, ನೀರನ್ನು ವಾಪಸು ತರುತ್ತದೆ. ಬ್ಯಾಡಗಿ ಪೇಟೆಗೆ ಬಂದ ಮೆಣಸಿನಕಾಯಿ ಅಲ್ಲಿ ದರ ಬಿದ್ದರೆ ಚೀಲದ ಸಮೇತ ಬೇರೆ ಪೇಟೆಗೆ ಹೊರಡುತ್ತದೆ, ಇದೂ ಹಾಗೆಯೇ. ಅಲ್ಲಿ ಒಂದೊಂದು ಉಸಿರೂ ಮೈಯಿಂದ ಆಮ್ಲಜನಕ ಕಳೆಯುತ್ತದೆ. ಡೈಆಕ್ಸೈಡ್ ಹೆಚ್ಚಿದಷ್ಟೂ ಮೆದುಳು ಜೋರಾಗಿ ಉಸಿರಾಡಿಸುತ್ತದೆ, ಕಳೆಯುವುದೂ ಅಷ್ಟೇ ಜೋರು. ಆಮ್ಲಜನಕ ಇಲ್ಲವೇ ಇಲ್ಲ ಎನ್ನುವಂತಿದ್ದರೆ ಹತ್ತು-ಹದಿನೈದು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಕೂಗಲು ಹೊತ್ತೇ ಇರುವುದಿಲ್ಲ.

ಅಪಾಯ ಎಂಬ ಶಬ್ದವನ್ನು ಬಿಡಿಸಿದರೆ ‘ಅಪ’ ಮತ್ತು ಹೋಗು ಎಂಬರ್ಥದ ‘ಇ’ ಧಾತು: ದೂರ ಹೋಗುವುದು, ತೊಲಗುವುದು. ಅದೇ ಧಾತುವಿಗೆ ‘ಉಪ’ ಸೇರಿದರೆ ಹತ್ತಿರ ಬರುವುದು, ಉಪಾಯ. ಆಮ್ಲಜನಕ ತೊಲಗಿದ್ದು ಅಪಾಯವಾದರೆ ಅದನ್ನು ಹತ್ತಿರ ತರುವುದೇ ಉಪಾಯ.

ಅದು ಹೀಗೆ. ಚಪ್ಪಡಿ ತೆಗೆದು ಕನಿಷ್ಠ ಒಂದು ದಿನ ಬಿಡಬೇಕು. ಹಗ್ಗಕ್ಕೆ ಕಟ್ಟಿದ ಸೊಪ್ಪಿನ ಹೊರೆಯನ್ನು ತಳದವರೆಗೆ ಇಳಿಸಿ ಎತ್ತಿ ಮಾಡುವ ಹಳೆಯ ಪದ್ಧತಿ ಒಳ್ಳೆಯದೇ, ಗಾಳಿ ಕಲಕುತ್ತದೆ. ಅದಕ್ಕಿಂತ ಒಳ್ಳೆಯದು ಬ್ಲೋವರ್‌ನ ಪೈಪನ್ನು ತಳಕ್ಕೆ ಇಳಿಸಿ ಹೊರಗಿನ ಗಾಳಿ ಊದುವುದು. ಪೈಪಿನ ತುದಿ ಬಾಯಿಯಲ್ಲೇ ಇದ್ದರೆ ತಳದ ಗಾಳಿ ಅಲುಗುವುದಿಲ್ಲ. ಆಮೇಲೆ ಕಂದೀಲು ಇಳಿಸಿ ನೋಡುತ್ತಾರೆ. ಆರಿದರೆ ಆಮ್ಲಜನಕ ಸುಮಾರು ಶೇಕಡಾ 16ಕ್ಕೆ ಇಳಿದಿದೆ ಎಂದರ್ಥ. ಆದರೆ ಉರಿದ ಮಾತ್ರಕ್ಕೆ ಸುರಕ್ಷಿತ ಎಂದರ್ಥವಲ್ಲ. ದೀಪ ಉರಿಯುವಾಗಲೇ ಏದುಸಿರು ತರಿಸುವಷ್ಟು ಡೈಆಕ್ಸೈಡ್ ಇರಬಹುದು. ಕೈಯಲ್ಲಿ ಹಿಡಿಯುವ ಆಮ್ಲಜನಕ ಮಾಪಕ ಶೇಕಡಾ 19.5ಕ್ಕೆ ಇಳಿದಾಗಲೇ ಕೂಗುತ್ತದೆ, ನಂಬಬೇಕಾದದ್ದು ಅದನ್ನು. ಕಾಳಿಗೆ ನುಸಿಗುಳಿಗೆ ಹಾಕಿದ್ದರೆ ಕಂದೀಲು ಬೇಡವೇ ಬೇಡ. ಅದರಿಂದ ಏಳುವ ಫಾಸ್ಫೀನ್ ವಿಷವೂ ಹೌದು, ಹೊತ್ತಿಕೊಳ್ಳುವುದೂ ಹೌದು.

ಇಳಿಯುವವನ ಕಂಕುಳಡಿ ಹಗ್ಗ ಕಟ್ಟಿರಬೇಕು, ಅದರ ತುದಿ ಮೇಲೆ ಇಬ್ಬರ ಕೈಯಲ್ಲಿರಬೇಕು. ಅವನು ಕುಸಿದರೆ ಎಳೆಯಬೇಕು, ಯಾರೂ ಇಳಿಯಬಾರದು. ತಮ್ಮ ಬಿದ್ದ ಎಂದು ಅಣ್ಣ, ಅಣ್ಣ ಬಿದ್ದ ಎಂದು ಅಪ್ಪ ಇಳಿದಾಗಲೇ ಒಂದು ಸಾವು ಮೂರಾಗುವುದು. ಹಗ್ಗ ಇಲ್ಲದೆ ಇಳಿದಿದ್ದರೆ 112ಕ್ಕೆ ಫೋನು ಮಾಡಿ, ಅವರು ಬರುವವರೆಗೂ ಪೈಪಿನಿಂದ ಗಾಳಿ ಊದುತ್ತಿರಬೇಕು.

ಹಳೆಯ ಬಾವಿ, ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕಿನಲ್ಲಿ ಇದರ ಮೇಲೆ ಹೈಡ್ರೋಜನ್ ಸಲ್ಫೈಡ್ ಕೂಡ ಸೇರಬಹುದು. ಮೊದಲು ಕೊಳೆತ ಮೊಟ್ಟೆಯ ವಾಸನೆ, ಪ್ರಮಾಣ ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ಮಾಯ. ಅಂಥ ಬಾಯಿಗಳ ಮೇಲೆ ಬರಿಯ ‘ಅಪಾಯ’ ಎಂದು ಬರೆದ ಹಲಗೆಯನ್ನು ಕಂಡವನು ಬೀಳದಂತೆ ಜ್ವಾಕಿಯಿಂದ ಇಳಿಯುತ್ತಾನೆ. ಅಲ್ಲಿ ಬರೆಯಬೇಕಾದದ್ದು: ‘ಒಳಗೆ ಉಸಿರಾಡುವ ಗಾಳಿ ಇಲ್ಲ. ಬಿದ್ದವರನ್ನು ಎತ್ತಲೂ ಇಳಿಯಬೇಡಿ.’